ಊಟದ ಹೊತ್ತಿನ ಪ್ರವಾಸಕಥೆ: ಕೇಳುವವರ ಕಿವಿ ಎಲ್ಲಿ ನಿಲ್ಲುತ್ತದೆ?

ಕೇರಳದಲ್ಲಿ ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆಯುವುದು ಜೂನ್ ತಿಂಗಳಲ್ಲಿ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮ ಶಾಲೆಗಳ ಅಧ್ಯಾಪಕರ ಕೊಠಡಿಗಳಲ್ಲಿ ಆ ತಿಂಗಳ ಮೊದಲ ವಾರಗಳೆಂದರೆ ಪ್ರವಾಸದ ಮಾತಿನ ಸುಗ್ಗಿ. ಹೊರಗೆ ಮಳೆ ಹಿಡಿದಿರುತ್ತದೆ. ಒಳಗೆ ಬುತ್ತಿಯ ಮುಚ್ಚಳ ತೆರೆದು, ಒಬ್ಬರ ಹಲಸಿನ ಬೇಳೆಯ ಪಲ್ಯ ಇನ್ನೊಬ್ಬರ ತಟ್ಟೆಗೆ ದಾಟುವಷ್ಟರಲ್ಲಿ ಯಾರಾದರೊಬ್ಬರು ಕಾಶ್ಮೀರದ ಸುದ್ದಿ ತೆಗೆಯುತ್ತಾರೆ. ಬ್ಯಾಂಕು, ಪಂಚಾಯತು, ಕೃಷಿಭವನಗಳಲ್ಲಿಯೂ ಓಣಂ ಮತ್ತು ಕ್ರಿಸ್ಮಸ್ ರಜೆಗಳ ಬಳಿಕ ಇದೇ ನಡೆಯುತ್ತದೆ. ಈ ಮಾತುಕತೆಯನ್ನು ಸ್ವಲ್ಪ ಗಮನವಿಟ್ಟು ನೋಡಿದವರಿಗೆ ಒಂದು ವಿಚಿತ್ರ ಕಾಣುತ್ತದೆ. ಹೆಚ್ಚು ದೂರ ಹೋಗಿ ಬಂದವರ ಕಥೆಯನ್ನೇ ಜನ ಹೆಚ್ಚು ಆಸಕ್ತಿಯಿಂದ ಕೇಳುತ್ತಾರೆಂಬ ನಿಯಮವೇನೂ ಇಲ್ಲ. ಲಡಾಖಿನಿಂದ ಬಂದವರು ಮೂರನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಮಾತು ಉಪ್ಪಿನಕಾಯಿಯ ಕಡೆಗೆ ಹೊರಳಿರುತ್ತದೆ. ಸುಳ್ಯದಿಂದ ಮಡಿಕೇರಿಗೆ ಹೋಗುವಾಗ ಸಂಪಾಜೆ ಘಾಟಿಯಲ್ಲಿ ಬಸ್ಸು ಕೆಟ್ಟು ನಿಂತ ಕಥೆಗೆ ಮಾತ್ರ ಎಲ್ಲರೂ ಕೈತೊಳೆಯಲು ಏಳದೆ ಕುಳಿತಿರುತ್ತಾರೆ.

ಇದನ್ನು ಹೇಳುವವರ ವಾಕ್ಚಾತುರ್ಯಕ್ಕೆ ಮಾತ್ರ ಬಿಟ್ಟು ಸುಮ್ಮನಾಗುವಂತಿಲ್ಲ. ಕಥೆ ಹೇಳುವುದು, ಕೇಳುವುದು, ನೆನಪಿಡುವುದು, ಸರದಿ ಹಿಡಿಯುವುದು ಇವುಗಳಿಗೆಲ್ಲ ತಮ್ಮದೇ ಆದ ಕ್ರಮಗಳಿವೆ. ಮನಶ್ಶಾಸ್ತ್ರಜ್ಞರು ಮತ್ತು ಭಾಷಾವಿಜ್ಞಾನಿಗಳು ಹಲವು ದಶಕಗಳಿಂದ ಅವನ್ನು ಬಿಡಿಸಿ ನೋಡುತ್ತ ಬಂದಿದ್ದಾರೆ. ಊಟದ ಮೇಜಿನ ಮೇಲೆ ಈ ಎಲ್ಲ ಕ್ರಮಗಳೂ ಅರ್ಧ ಗಂಟೆಯೊಳಗೆ ಒಟ್ಟಿಗೆ ಕೆಲಸ ಮಾಡುತ್ತವೆ.

ಮೊದಲು ದೂರದ ಊರಿನ ಕಥೆ ಸೋಲುವ ಕಾರಣವನ್ನು ನೋಡಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗಸ್ ಕೂನಿ, ಡೇನಿಯಲ್ ಗಿಲ್ಬರ್ಟ್ ಮತ್ತು ಟಿಮೊಥಿ ವಿಲ್ಸನ್ 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ನಾಲ್ಕು ನಾಲ್ಕು ಜನರ ಗುಂಪುಗಳನ್ನು ಮಾಡಿ, ಪ್ರತಿ ಗುಂಪಿನಲ್ಲಿ ಒಬ್ಬರಿಗೆ ಮಾತ್ರ ಬೀದಿ ಜಾದೂಗಾರನ ಬಲು ಸೊಗಸಾದ ವಿಡಿಯೊ ತೋರಿಸಿ, ಉಳಿದ ಮೂವರಿಗೆ ಸಾಧಾರಣವಾದ ಒಂದು ಕಾರ್ಟೂನು ತೋರಿಸಿದರು. ಆಮೇಲೆ ನಾಲ್ವರನ್ನೂ ಒಂದೇ ಮೇಜಿಗೆ ಕೂರಿಸಿ ಏನು ಬೇಕಾದರೂ ಮಾತಾಡಿಕೊಳ್ಳಿ ಎಂದರು. ಒಳ್ಳೆಯದನ್ನು ನೋಡಿದವನೇ ಮಾತಿನಲ್ಲಿ ಮಿಂಚುತ್ತಾನೆ ಎಂದು ಜನ ಊಹಿಸಿದ್ದರು. ಆದದ್ದು ತದ್ವಿರುದ್ಧ: ಸೊಗಸಾದುದನ್ನು ನೋಡಿದವರು ತಾವು ಗುಂಪಿನಿಂದ ಹೊರಗೆ ಉಳಿದೆವೆಂಬ ಭಾವದಿಂದ ಎದ್ದರು, ಸಾಧಾರಣ ಕಾರ್ಟೂನು ನೋಡಿದ ಮೂವರು ತಮ್ಮೊಳಗೇ ಹರಟುತ್ತ ಸುಖವಾಗಿದ್ದರು. ಮಾತು ನಡೆಯುವುದಕ್ಕೆ ಬೇಕಾದದ್ದು ಎಲ್ಲರಿಗೂ ಗೊತ್ತಿರುವ ಒಂದು ವಿಷಯ, ಮತ್ತು ಆ ಮೂವರ ಬಳಿ ಅದಿತ್ತು.

ಇದೇ ಸಂಶೋಧಕರು 2017ರಲ್ಲಿ ಇನ್ನೂ ನೇರವಾಗಿ ಕೇಳುಗರನ್ನು ಪರೀಕ್ಷಿಸಿದರು. ತಮಗೆ ಗೊತ್ತಿಲ್ಲದ ಹೊಸ ಸಂಗತಿಯನ್ನು ಕೇಳುವುದಕ್ಕಿಂತ, ತಾವೂ ಕಂಡಿದ್ದ ಸಂಗತಿಯನ್ನು ಇನ್ನೊಬ್ಬರ ಬಾಯಲ್ಲಿ ಕೇಳುವುದೇ ಕೇಳುಗರಿಗೆ ಹೆಚ್ಚು ಹಿತವಾಗಿತ್ತು. ಹೇಳುವವರ ನಿರೀಕ್ಷೆ ಮಾತ್ರ ಬೇರೆಯೇ ಆಗಿತ್ತು. ಹೊಸದನ್ನು ಹೇಳಿದರೆ ಕೇಳುಗರು ಬೆರಗಾಗುತ್ತಾರೆಂದೇ ಅವರು ನಂಬಿದ್ದರು. ಇದರ ಹಿಂದಿನ ಕಾರಣ ಸರಳ. ಮಾತಿನಲ್ಲಿ ಹೇಳುವ ಕಥೆಯಲ್ಲಿ ತೂತುಗಳು ಬಹಳ. ಹೇಳುವವನು ಆ ಜಾಗವನ್ನು ಕಣ್ಣಾರೆ ಕಂಡಿರುವುದರಿಂದ, ತನ್ನ ಮಾತಿನಲ್ಲಿ ಬಿಟ್ಟುಹೋದದ್ದು ಅವನ ಮನಸ್ಸಿನಲ್ಲಿ ತಾನಾಗಿ ತುಂಬಿಕೊಳ್ಳುತ್ತದೆ. ಹಾಗಾಗಿ ತಾನು ಪೂರ್ತಿ ಹೇಳಿದೆನೆಂದೇ ಅವನು ತಿಳಿಯುತ್ತಾನೆ. ಅಲ್ಲಿಗೆ ಹೋಗದವನ ಬಳಿ ಆ ತೂತು ತುಂಬಲು ಏನೂ ಇರುವುದಿಲ್ಲ. "ಪಾಂಗಾಂಗ್ ಸರೋವರದ ನೀಲಿ ಎಂದರೆ ಹೇಳಲಿಕ್ಕೆ ಸಾಧ್ಯವಿಲ್ಲ ಟೀಚರೇ" ಎಂದು ಹೇಳಿದಾಗ, ಹೇಳಿದವರ ಕಣ್ಣೆದುರು ಆ ನೀಲಿ ನಿಂತಿರುತ್ತದೆ. ಕೇಳಿದ ಟೀಚರಿಗೆ ದಕ್ಕಿದ್ದು "ಹೇಳಲಿಕ್ಕೆ ಸಾಧ್ಯವಿಲ್ಲ" ಎಂಬ ಎರಡು ಮಾತು ಮಾತ್ರ.

ತಾಳಮದ್ದಳೆ ಕೇಳಿ ಬೆಳೆದ ನಮ್ಮ ಸೀಮೆಯವರಿಗೆ ಇದು ಹೊಸ ಸಂಶೋಧನೆಯಾಗಿ ಕಾಣಬೇಕಾಗಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರೆಂದು ಹೆಸರಾದ ಕುಂಬಳೆಯ ಸುತ್ತಮುತ್ತ ಇಂದಿಗೂ ದೇವಸ್ಥಾನದ ಚಾವಡಿಯಲ್ಲೋ ಮನೆಯಂಗಳದಲ್ಲೋ ತಾಳಮದ್ದಳೆ ನಡೆದಾಗ, ವಾಲಿ ಸಾಯುತ್ತಾನೆಂಬುದು ಅಲ್ಲಿ ಕುಳಿತ ಹುಡುಗನಿಗೂ ಗೊತ್ತಿರುತ್ತದೆ. ವೇಷವಿಲ್ಲ, ಕುಣಿತವಿಲ್ಲ, ರಂಗಸಜ್ಜಿಕೆಯಿಲ್ಲ. ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿಗಳು ಪಂಚೆಯುಟ್ಟು ಕುಳಿತಲ್ಲಿಂದಲೇ ಮಾತಾಡುತ್ತಾರೆ. ಆದರೂ ಜನ ನಡುರಾತ್ರಿಯವರೆಗೆ ಕೂರುವುದು, ಬಾಣ ತಗಲಿ ಬಿದ್ದ ವಾಲಿ ಈ ದಿನ ರಾಮನನ್ನು ಯಾವ ಪ್ರಶ್ನೆಯಿಂದ ಕಟ್ಟಿಹಾಕುತ್ತಾನೆ, ರಾಮನ ಪಾತ್ರಧಾರಿ ಅದರಿಂದ ಹೇಗೆ ಬಿಡಿಸಿಕೊಳ್ಳುತ್ತಾನೆ ಎಂಬುದನ್ನು ಕೇಳುವುದಕ್ಕಾಗಿ. ಕಥೆ ಗೊತ್ತಿರುವುದರಿಂದಲೇ ಮಾತಿನ ಪ್ರತಿಯೊಂದು ತಿರುವೂ ಅವರಿಗೆ ಕಾಣುತ್ತದೆ; ಕಥೆಯೇ ಗೊತ್ತಿಲ್ಲದವನು ಅಲ್ಲಿ ಬಂದು ಕುಳಿತರೆ ಅವನಿಗೆ ಅದು ಬರಿಯ ವಾದವಾಗಿ ಕೇಳಿಸೀತು. ಊಟದ ಮೇಜಿನಲ್ಲಿ ಸಂಪಾಜೆ ಘಾಟಿಯ ಕಥೆಗಿರುವ ಅನುಕೂಲವೂ ಇದೇ. ಆ ತಿರುವು, ಆ ಮಂಜು, ಬಸ್ಸು ನಿಂತಾಗ ಕೇಳಿಸುವ ಜೀರುಂಡೆಯ ಸದ್ದು ಎಲ್ಲರಲ್ಲಿಯೂ ಮೊದಲೇ ಇವೆ. ಹೇಳುವವರು ಪ್ರಸಂಗ ಹೇಳಿಕೊಡುವ ಕೆಲಸದಿಂದ ಪಾರಾಗಿ ನೇರವಾಗಿ ಅರ್ಥಕ್ಕೆ ಇಳಿಯಬಹುದು.

ಆದರೆ ಯಾವುದು ಪರಿಚಿತ, ಯಾವುದು ಅಪರಿಚಿತ ಎಂಬುದನ್ನು ಕಿಲೋಮೀಟರುಗಳಿಂದ ಅಳೆಯುವಂತಿಲ್ಲ, ಮತ್ತು ಕಾಸರಗೋಡಿನಲ್ಲಿ ಇದು ಎದ್ದು ಕಾಣುತ್ತದೆ. ಇಲ್ಲಿನ ಯಾವುದೇ ಕಚೇರಿಯ ಮೇಜಿನಲ್ಲಿ ದುಬಾಯಿಯ ಕಥೆ ಹೇಳಿದರೆ ಅದು ಪರದೇಶದ ಕಥೆಯೇ ಅಲ್ಲ. ಒಬ್ಬರ ತಮ್ಮ ಅಲ್ಲಿರುತ್ತಾನೆ, ಇನ್ನೊಬ್ಬರ ಅಳಿಯ, ಮತ್ತೊಬ್ಬರು ಸ್ವತಃ ಕೆಲವು ವರ್ಷ ಇದ್ದು ಬಂದಿರುತ್ತಾರೆ. ದೇರಾದ ಬೀದಿಗಳು, ಶಾರ್ಜಾದಿಂದ ದುಬಾಯಿಗೆ ಬರುವ ರಸ್ತೆಯ ದಟ್ಟಣೆ, ವಿಮಾನ ಇಳಿದೊಡನೆ ಮುಖಕ್ಕೆ ಹೊಡೆಯುವ ಬಿಸಿಗಾಳಿ ಇವುಗಳ ಬಗ್ಗೆ ವಿವರಣೆ ಬೇಕಿಲ್ಲ. ಅದೇ ಮೇಜಿನಲ್ಲಿ ವಿಜಯಪುರದ ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯ ಬಗ್ಗೆ ಹೇಳಬೇಕಾದರೆ ಮೊದಲಿನಿಂದ ಕಟ್ಟಬೇಕಾಗುತ್ತದೆ. ಕನ್ನಡದ ಮನೆಯಲ್ಲಿ ಹುಟ್ಟಿ, ಕನ್ನಡದಲ್ಲಿ ಓದಿ, 1956ರ ನವೆಂಬರ್ 1ರಿಂದ ಕೇರಳದಲ್ಲಿರುವ ಈ ನಾಡಿನವರಿಗೆ ಉತ್ತರ ಕರ್ನಾಟಕವೇ ಕೊಲ್ಲಿ ರಾಷ್ಟ್ರಗಳಿಗಿಂತ ದೂರವಾಗಿರುವುದು ಸ್ವಲ್ಪ ನೋವಿನ ಮಾತಾದರೂ ನಿಜ. ಹೇಳುವವರು ತಮ್ಮ ಮೇಜಿನ ಈ ನಕ್ಷೆಯನ್ನು ಅರಿತಿದ್ದರೆ, ಎಲ್ಲಿ ನಿಂತು ವಿವರಿಸಬೇಕು, ಎಲ್ಲಿ ಹಾರಿಹೋಗಬೇಕು ಎಂಬುದು ತಿಳಿಯುತ್ತದೆ.

ಹಾಗೆಂದು ದೂರದ ಊರಿನ ಕಥೆಯನ್ನು ಹೇಳಬಾರದೆಂದಲ್ಲ. ಅದಕ್ಕೆ ಪರಿಚಿತವಾದ ಒಂದು ಹಿಡಿಕೆ ಬೇಕು. ಲಡಾಖಿನ ಲೇಹ್ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ ಎಂದರೆ ಯಾರಿಗೂ ಏನೂ ಕಾಣುವುದಿಲ್ಲ. ಕುದುರೆಮುಖದ ತುದಿ 1,894 ಮೀಟರ್. ಆ ಶಿಖರದ ಮೇಲೆ ಮತ್ತೊಂದು ಕುದುರೆಮುಖವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಇಟ್ಟರೆ ಲೇಹ್ ಪಟ್ಟಣದ ಪೇಟೆಬೀದಿ ಸಿಗುತ್ತದೆ, ನಮ್ಮವರು ವಿಮಾನ ಇಳಿದು ಅಲ್ಲಿ ಮೊದಲು ಮಾಡುವ ಕೆಲಸ ಚಾ ಅಂಗಡಿ ಹುಡುಕುವುದು ಎಂದು ಹೇಳಿದರೆ ಮೇಜು ಎಚ್ಚರಗೊಳ್ಳುತ್ತದೆ.

ಕಥೆಯ ಒಳಗಿನ ಕಟ್ಟಡವನ್ನು ಬಿಡಿಸಿ ತೋರಿಸಿದವರು ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲೆಬೋವ್ ಮತ್ತು ಜೋಶುವಾ ವಾಲೆಟ್ಸ್ಕಿ. ಅವರು 1967ರಲ್ಲಿ ಪ್ರಕಟಿಸಿದ ಲೇಖನ ಮತ್ತು ಲೆಬೋವ್ 1972ರಲ್ಲಿ ಅದನ್ನು ಬೆಳೆಸಿದ ರೀತಿ, ಬಾಯಿಮಾತಿನ ಅನುಭವಕಥನದ ಬಗ್ಗೆ ಇಂದಿಗೂ ಮೊದಲು ಹೇಳಬೇಕಾದ ವಿಷಯಗಳು. ಲೆಬೋವ್ ನ್ಯೂಯಾರ್ಕಿನ ಜನರನ್ನು ಮಾತಿಗೆಳೆಯುವಾಗ "ನೀವು ಸತ್ತೇಹೋಗುತ್ತೀರಿ ಅನಿಸಿದ ಸಂದರ್ಭ ಯಾವಾಗಲಾದರೂ ಬಂದಿತ್ತೇ?" ಎಂಬ ಅರ್ಥದ ಪ್ರಶ್ನೆಯನ್ನು ಕೇಳುತ್ತಿದ್ದರು, ಆ ಪ್ರಶ್ನೆಗೆ ಉತ್ತರಿಸತೊಡಗಿದವರು ಎದುರಿಗೆ ಧ್ವನಿಮುದ್ರಣದ ಯಂತ್ರವಿದೆ ಎಂಬುದನ್ನೇ ಮರೆತು ಮಾತಾಡುತ್ತಿದ್ದರು. ಸಾಹಸದ ಕಥೆಗಿರುವ ಬಲವೇ ಅದು. ಹೀಗೆ ದೊರೆತ ಕಥೆಗಳಲ್ಲಿ ಅವರು ಆರು ಅಂಗಗಳನ್ನು ಗುರುತಿಸಿದರು: ಇದು ಯಾವುದರ ಕಥೆ ಎಂಬ ಸೂಚನೆ, ಯಾರು ಎಲ್ಲಿ ಯಾವಾಗ ಎಂಬ ಹಿನ್ನೆಲೆ, ತೊಡಕು, ಇದನ್ನು ಯಾಕೆ ಹೇಳುತ್ತಿದ್ದೇನೆ ಎಂಬ ಅನಿಸಿಕೆ, ತೊಡಕು ಬಿಡಿಸಿಕೊಂಡ ಬಗೆ, ಮತ್ತು ಅಲ್ಲಿಂದ ಈ ಹೊತ್ತಿಗೆ ಮರಳುವ ಮಾತು. ಎಲ್ಲ ಕಥೆಯಲ್ಲೂ ಎಲ್ಲ ಅಂಗಗಳೂ ಇರಬೇಕಾಗಿಲ್ಲ. ಆದರೆ ತೊಡಕೇ ಇಲ್ಲದಿದ್ದರೆ ಅದು ಕಥೆಯಲ್ಲ, ವರದಿ.

ಒಂದು ಉದಾಹರಣೆಯನ್ನು ಕಟ್ಟಿ ನೋಡೋಣ. ನಮ್ಮ ಜಿಲ್ಲೆಯದ್ದೇ ಆದ ರಾಣಿಪುರದ ಬೆಟ್ಟಕ್ಕೆ, ಹಿಂದೆ ಮಾಡತ್ತುಮಲ ಎಂದು ಕರೆಯುತ್ತಿದ್ದ ಆ ಹುಲ್ಲುಗಾವಲಿನ ಗುಡ್ಡಕ್ಕೆ, ಮಳೆಗಾಲದಲ್ಲಿ ಹತ್ತಿದವರೊಬ್ಬರು ಮರುದಿನ ಊಟಕ್ಕೆ ಕುಳಿತಿದ್ದಾರೆ ಎಂದುಕೊಳ್ಳಿ. ಅವರು ಹೀಗೆ ತೊಡಗಬಹುದು: "ಬೆಳಗ್ಗೆ ಐದಕ್ಕೆ ಎದ್ದೆವು. ಭಾವನ ಕಾರು ಇತ್ತು. ಹೊಸದುರ್ಗದಲ್ಲಿ ಚಾ ಕುಡಿದೆವು, ಅಲ್ಲಿಂದ ಪಾಣತ್ತೂರು ರಸ್ತೆ ಹಿಡಿದೆವು, ರಸ್ತೆ ಈಗ ಒಳ್ಳೆಯದಾಗಿದೆ, ಅರಣ್ಯ ಇಲಾಖೆಯ ಗೇಟಿನಲ್ಲಿ ಟಿಕೆಟು ತೆಗೆದುಕೊಂಡೆವು..." ಇದರಲ್ಲಿ ಒಂದೂ ಸುಳ್ಳಿಲ್ಲ, ಒಂದೂ ಅನಗತ್ಯವೆಂದು ಹೇಳಿದವರಿಗೆ ಅನಿಸುವುದಿಲ್ಲ, ಆದರೆ ಗೇಟು ತಲುಪುವಷ್ಟರಲ್ಲಿ ಅನ್ನ ಮುಗಿದು ಮಜ್ಜಿಗೆಗೆ ಬಂದಾಗಿರುತ್ತದೆ. ಹಿನ್ನೆಲೆಯೇ ಕಥೆಯನ್ನು ನುಂಗಿದ ಬಗೆ ಇದು. ನಡೆದ ಕ್ರಮದಲ್ಲಿಯೇ ಹೇಳಬೇಕೆಂಬ ಪ್ರಾಮಾಣಿಕತೆ ಬಹಳ ಜನರ ಪ್ರವಾಸಕಥೆಯನ್ನು ಕೆಡಿಸುತ್ತದೆ, ಅದರಲ್ಲಿಯೂ ಲೆಕ್ಕಪತ್ರ ವಿಭಾಗದವರದ್ದನ್ನು.

ಅದೇ ವ್ಯಕ್ತಿ ಹೀಗೂ ತೊಡಗಬಹುದು: "ರಾಣಿಪುರದ ತುದಿಗೆ ಮುಟ್ಟಿದ ಮೇಲೆ ನಮ್ಮ ಭಾವ ಬೂಟು ಬಿಚ್ಚಿದ್ದು ಮಾಷ್ಟ್ರೇ, ಕಾಲುಚೀಲ ಪೂರಾ ಕೆಂಪು. ನೋವು ಮಾತ್ರ ಎಳ್ಳಷ್ಟೂ ಇಲ್ಲ." ಕೇಳುವವರಲ್ಲಿ ಒಬ್ಬರು "ಇಂಬಳ", ಅಂದರೆ ಜಿಗಣೆ, ಎನ್ನುತ್ತಾರೆ, ಇನ್ನೊಬ್ಬರು ಕಾಲು ಮೇಲೆತ್ತಿಕೊಳ್ಳುತ್ತಾರೆ. ಈಗ ಹಿನ್ನೆಲೆ ಬೇಕಾದಷ್ಟೇ ಬರಬಹುದು: ಯಾರು ಹೋದದ್ದು, ಮಳೆ ಯಾವಾಗ ಸುರುವಾಯಿತು, ಉಪ್ಪಿನ ಕಟ್ಟು ಯಾರ ಚೀಲದಲ್ಲಿ ಉಳಿಯಿತು. ಇಂಬಳವನ್ನು ಕಿತ್ತೆಸೆದ ಮೇಲೂ ರಕ್ತ ನಿಲ್ಲದಿರುವುದು ಯಾಕೆಂದು ಜೀವಶಾಸ್ತ್ರದ ಟೀಚರು ನಡುವೆ ಹೇಳಬಹುದು: ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹಿರುಡಿನ್‌ನಂಥ ಪದಾರ್ಥವಿದೆ. ಅಲ್ಲಿಗೆ ಕಥೆ ಮುರಿಯುವುದಿಲ್ಲ. ಯಾಕೆಂದರೆ ತೊಡಕು ಆಗಲೇ ಮೇಜಿನ ಮೇಲಿದೆ, ಮತ್ತು ಭಾವನಿಗೆ ಏನಾಯಿತು ಎಂಬ ಪ್ರಶ್ನೆ ಇನ್ನೂ ಬಾಕಿಯಿದೆ.

ಲೆಬೋವ್ ಹೇಳಿದ ಆರು ಅಂಗಗಳಲ್ಲಿ ಊಟದ ಮೇಜಿಗೆ ತೀರಾ ಮುಖ್ಯವಾದದ್ದು ನಾಲ್ಕನೆಯದು, ಅಂದರೆ ಹೇಳುವವರ ಅನಿಸಿಕೆ. ಕೇಳುಗರ ಮನಸ್ಸಿನಲ್ಲಿ ಏಳಬಹುದಾದ "ಸರಿ, ಅದಕ್ಕೇನೀಗ?" ಎಂಬ ಪ್ರಶ್ನೆಗೆ ಅದು ಮುಂಚಿತವಾಗಿಯೇ ಕೊಟ್ಟ ಉತ್ತರ. ಇದನ್ನು "ಅದ್ಭುತವಾಗಿತ್ತು", "ಸೂಪರ್" ಎಂದು ಹೊರಗಿನಿಂದ ಅಂಟಿಸಿದರೆ ಯಾರಿಗೂ ತಟ್ಟುವುದಿಲ್ಲ. ಕಥೆಯೊಳಗಿನ ಒಬ್ಬರ ಬಾಯಿಂದ ಹೇಳಿಸಿದರೆ ತಟ್ಟುತ್ತದೆ. "ಭಾವ ಎಂತ ಹೇಳಿದ ಗೊತ್ತುಂಟಾ? ಮನೆಯಲ್ಲಿ ಅಕ್ಕನಿಗೆ ಹೇಳಬೇಡಿ, ಮುಂದಿನ ಸಲ ಬಿಡಲಿಕ್ಕಿಲ್ಲ ಅಂತ." ಹೆದರಿಕೆಯೂ ಇಷ್ಟವೂ ಒಟ್ಟಿಗೆ ಇದ್ದವೆಂಬುದನ್ನು ಈ ಒಂದು ಮಾತು ಹೇಳಿ ಮುಗಿಸುತ್ತದೆ.

ಇನ್ನು ಸರದಿಯ ವಿಷಯ. ಸಾಮಾನ್ಯ ಮಾತುಕತೆಯಲ್ಲಿ ಒಬ್ಬರು ಒಂದೆರಡು ವಾಕ್ಯ ಹೇಳಿದ ಕೂಡಲೇ ಮಾತಿನ ಹಕ್ಕು ಇನ್ನೊಬ್ಬರಿಗೆ ಹೋಗುತ್ತದೆ. ಕಥೆಗೆ ಅಷ್ಟು ಸಾಲದು; ಹತ್ತಿಪ್ಪತ್ತು ವಾಕ್ಯಗಳವರೆಗೆ ಉಳಿದವರು ತಮ್ಮ ಸರದಿಯನ್ನು ಬಿಟ್ಟುಕೊಡಬೇಕು. ಕ್ಯಾಲಿಫೋರ್ನಿಯಾದಲ್ಲಿ 1964ರಿಂದ 1972ರವರೆಗೆ ಪಾಠ ಹೇಳಿದ ಸಮಾಜಶಾಸ್ತ್ರಜ್ಞ ಹಾರ್ವೆ ಸ್ಯಾಕ್ಸ್ ಈ ಒಪ್ಪಂದ ನಡೆಯುವ ಬಗೆಯನ್ನು ಸೂಕ್ಷ್ಮವಾಗಿ ವಿವರಿಸಿದ್ದಾರೆ. ಹೇಳುವವರು ಮೊದಲು ಒಂದು ಮುನ್ಸೂಚನೆ ಎಸೆಯುತ್ತಾರೆ. ಕೇಳುವವರಲ್ಲಿ ಒಬ್ಬರು ಅದನ್ನು ಹಿಡಿದರೆ ಹಾದಿ ತೆರೆಯಿತು. ನಮ್ಮಲ್ಲಿ ಅದು "ನಿನ್ನೆ ಒಂದು ಗಮ್ಮತ್ತು ಆಯಿತು" ಎಂದು ತೊಡಗಿ "ಎಂತ ಆಯಿತು?" ಎಂಬ ಪ್ರಶ್ನೆಯಿಂದ ಪೂರ್ತಿಯಾಗುತ್ತದೆ. ಆ ಪ್ರಶ್ನೆ ಬಾರದೆಯೇ ಕಥೆ ತೊಡಗಿದವರು ಅರ್ಧದಲ್ಲಿ ಮಾತು ಕಳಕೊಳ್ಳುವುದು ಹೆಚ್ಚು. ಗಮ್ಮತ್ತು ಎಂದು ಮೊದಲೇ ಹೇಳಿದ್ದರಿಂದ ಎಲ್ಲಿ ನಗಬೇಕೆಂಬುದೂ ಕೇಳುವವರಿಗೆ ಗೊತ್ತಾಗಿರುತ್ತದೆ. ಕಥೆ ಎಲ್ಲಿ ಮುಗಿಯಿತೆಂಬುದನ್ನೂ ಆ ಮುನ್ಸೂಚನೆಯೇ ತಿಳಿಸುತ್ತದೆ. ಕಥೆ ಹೇಳುವ ಅಜ್ಜಿಯರು ಮೊಮ್ಮಕ್ಕಳು ಹೂಂಗುಟ್ಟದಿದ್ದರೆ ಮುಂದೆ ಹೋಗದಿರುವುದಕ್ಕೂ ಶಾಸ್ತ್ರದ ಸಮರ್ಥನೆಯಿದೆ: ನಡುನಡುವೆ ಬರುವ "ಹೂಂ", "ಹೌದಾ", "ಮತ್ತೆ?" ಇವೆಲ್ಲ "ಸರದಿ ಇನ್ನೂ ನಿಮ್ಮದೇ" ಎಂಬ ನವೀಕರಣ.

ಕೆಲವರಿಗೆ ಬೇಸರ ತರುವ ಒಂದು ಸಂಗತಿಯನ್ನೂ ಸ್ಯಾಕ್ಸ್ ಬೇರೆ ಬೆಳಕಿನಲ್ಲಿ ನೋಡಿದರು. ಒಬ್ಬರು ಇಂಬಳದ ಕಥೆ ಮುಗಿಸುತ್ತಿದ್ದಂತೆ ಇನ್ನೊಬ್ಬರು "ನಮಗೂ ಕುಮಾರಪರ್ವತದಲ್ಲಿ ಹೀಗೆಯೇ ಆಗಿತ್ತು" ಎಂದು ತಮ್ಮದನ್ನು ತೆಗೆಯುತ್ತಾರೆ. ತನ್ನ ಕಥೆಯನ್ನು ಕಸಿದುಕೊಂಡರೆಂದು ಮೊದಲಿನವರಿಗೆ ಅನಿಸಬಹುದು. ಆದರೆ ಎರಡನೆಯ ಕಥೆ ಮೊದಲನೆಯದನ್ನು ಅರ್ಥಮಾಡಿಕೊಂಡದ್ದಕ್ಕೆ ಅತ್ಯುತ್ತಮ ಪುರಾವೆ. "ಅರ್ಥವಾಯಿತು" ಎಂದು ಬಾಯಿಮಾತಿಗೆ ಯಾರೂ ಹೇಳಬಹುದು. ಅದಕ್ಕೆ ಸರಿಹೊಂದುವ ಕಥೆಯನ್ನು ತಮ್ಮ ನೆನಪಿನಿಂದ ಹುಡುಕಿ ತೆಗೆಯಬೇಕಾದರೆ ನಿಜವಾಗಿ ಅರ್ಥವಾಗಿರಬೇಕು. ಸರಿಹೊಂದಬೇಕು ಎಂಬುದೇ ಇಲ್ಲಿನ ಷರತ್ತು. ಭಾವನ ಹೆದರಿಕೆಯ ಕಥೆಗೆ ಎದುರಾಗಿ ಕುಮಾರಪರ್ವತದಲ್ಲಿ ಅಣ್ಣ ಹೆದರಿದ ಕಥೆ ಬಂದರೆ ಅದು ಎರಡನೆಯ ಕಥೆ. "ಅದೇನು ಮಹಾ, ನಾವು ಕೇದಾರಕ್ಕೆ ನಡೆದೇ ಹೋಗಿದ್ದೆವು" ಎಂದರೆ ಅದು ಮೊದಲಿನವರ ಬಾಯಿ ಮುಚ್ಚಿಸುವ ಮಾತು.

ಎಷ್ಟು ಜನ ಕುಳಿತಿದ್ದಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಬ್ರಿಟಿಷ್ ಮಾನವಶಾಸ್ತ್ರಜ್ಞ ರಾಬಿನ್ ಡನ್ಬರ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದಂತೆ, ಜನ ತಾವಾಗಿ ಸೇರಿ ಆಡುವ ಮಾತುಕತೆ ಸುಮಾರು ನಾಲ್ವರನ್ನು ಮೀರಿದರೆ ಒಡೆದು ಎರಡಾಗುವುದು ಸಾಮಾನ್ಯ. ಹನ್ನೆರಡು ಜನರ ಉದ್ದ ಮೇಜಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಕಥೆ ಹೇಳಹೊರಡುವವರು ಭಾಷಣಕಾರರಾಗುತ್ತಾರೆ. ಅದಕ್ಕಿಂತ ಮೂಲೆಯ ನಾಲ್ವರಿಗೆ ಹೇಳುವುದು ಲೇಸು. ನಗು ಎದ್ದರೆ ಉಳಿದವರು ತಾವಾಗಿ ಕುರ್ಚಿ ಎಳೆದುಕೊಂಡು ಬರುತ್ತಾರೆ.

ಹಗಲು ಹೊತ್ತಿನಲ್ಲಿ, ಕೆಲಸದ ನಡುವೆ, ಇಂಥ ಕಥೆಗೆ ಜಾಗ ಸಿಗುವುದೇ ಒಂದು ವಿಶೇಷ. ಆಫ್ರಿಕದ ಕಲಹಾರಿಯ ಜುಹ್ವಾನ್ಸಿ ಜನರ ಮಾತುಕತೆಯನ್ನು ಬಹುಕಾಲ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ಪಾಲಿ ವೀಸ್ನರ್ 2014ರಲ್ಲಿ ಪ್ರಕಟಿಸಿದ ಬರಹದ ಪ್ರಕಾರ, ಅವರ ಹಗಲಿನ ಮಾತಿನಲ್ಲಿ ಸುಮಾರು 34 ಶೇಕಡಾ ದೂರು, ಟೀಕೆ, ಆಡಿಕೊಳ್ಳುವಿಕೆ; 31 ಶೇಕಡಾ ಜೀವನೋಪಾಯದ ವಿಷಯ; ಕಥೆಗಳು 6 ಶೇಕಡಾ ಮಾತ್ರ. ರಾತ್ರಿ ಬೆಂಕಿಯ ಸುತ್ತ ಕುಳಿತಾಗ 81 ಶೇಕಡಾ ಕಥೆಯೇ. ನಮ್ಮ ಕಚೇರಿಗಳ ಹಗಲನ್ನು ಅಳೆದರೂ ಬಾಕಿ ಡಿಎ, ವರ್ಗಾವಣೆ, ಮೇಲಧಿಕಾರಿ ಎಂಬ ಮೂರು ಬಾಬತ್ತುಗಳು ಮೊದಲ ಮೂವತ್ತನಾಲ್ಕು ಶೇಕಡಾವನ್ನು ಸುಲಭವಾಗಿ ತುಂಬಿಸುತ್ತವೆ ಎಂದು ನನ್ನ ಅಂದಾಜು. ಒಟ್ಟಿಗೆ ಉಣ್ಣುವುದಕ್ಕೂ ಕೆಲಸಕ್ಕೂ ನಂಟಿದೆ ಎಂಬುದನ್ನು ಸಂಶೋಧಕ ಕೆವಿನ್ ನಿಫಿನ್ ಮತ್ತು ಸಂಗಡಿಗರು ಅಮೆರಿಕದ ಅಗ್ನಿಶಾಮಕ ಠಾಣೆಗಳಲ್ಲಿ ಗಮನಿಸಿ 2015ರಲ್ಲಿ ಬರೆದರು. ಜೊತೆಯಾಗಿ ಅಡುಗೆ ಮಾಡಿ ಉಣ್ಣುವ ತಂಡಗಳ ಕಾರ್ಯಕ್ಷಮತೆ ಒಂಟಿಯಾಗಿ ಉಣ್ಣುವ ತಂಡಗಳಿಗಿಂತ ಮೇಲೆಂದು ಅಲ್ಲಿನ ಅಧಿಕಾರಿಗಳು ಅಂಕ ಕೊಟ್ಟಿದ್ದರು. ಉಣ್ಣುವುದರಿಂದ ಹೊಂದಾಣಿಕೆಯೋ, ಹೊಂದಾಣಿಕೆ ಇರುವುದರಿಂದ ಉಣ್ಣುವುದೋ ಎಂಬುದು ಇಂಥ ಅಧ್ಯಯನದಿಂದ ಇತ್ಯರ್ಥವಾಗುವುದಿಲ್ಲ.

ಸಾಹಸದ ಕಥೆ ಬಾಯಿಂದ ಬಾಯಿಗೆ ಬೆಳೆಯುತ್ತದೆ ಎಂಬ ಆರೋಪ ಹಳೆಯದು. ಅದರಲ್ಲಿ ಹೆಚ್ಚಿನ ಪಾಲು ಸುಳ್ಳಲ್ಲ, ನೆನಪಿನ ಸ್ವಭಾವ. ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಫ್ರೆಡೆರಿಕ್ ಬಾರ್ಟ್ಲೆಟ್ 1932ರಲ್ಲಿ ವರದಿಮಾಡಿದ ಪ್ರಯೋಗದಲ್ಲಿ, ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಓದಿದವರು ದಿನಗಳೆದಂತೆ ಅದನ್ನು ಮತ್ತೆ ಮತ್ತೆ ಹೇಳುವಾಗ, ತಮಗೆ ಅಪರಿಚಿತವಾದ ಕಿರುದೋಣಿ ಸಾಮಾನ್ಯ ದೋಣಿಯಾಯಿತು, ನೀರುನಾಯಿಯಂಥ ಸೀಲ್ ಪ್ರಾಣಿಯ ಬೇಟೆ ಬರಿಯ ಮೀನುಗಾರಿಕೆಯಾಯಿತು. ಗೊತ್ತಿಲ್ಲದ್ದನ್ನು ಗೊತ್ತಿರುವುದರ ಕಡೆಗೆ ಎಳೆಯುವುದು ಕೇಳುವವರ ಅಭ್ಯಾಸ ಮಾತ್ರವಲ್ಲ, ಹೇಳುವವರ ನೆನಪೂ ಅದನ್ನೇ ಮಾಡುತ್ತದೆ. ಜತೆಗೆ, ಅನುಭವವೊಂದರ ಉದ್ದವನ್ನು ನೆನಪು ಲೆಕ್ಕಕ್ಕೆ ಇಡುವುದಿಲ್ಲ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತಿತರರು 1993ರಲ್ಲಿ ಜನರ ಕೈಯನ್ನು ಒಮ್ಮೆ 14 ಡಿಗ್ರಿಯ ತಣ್ಣೀರಿನಲ್ಲಿ 60 ಸೆಕೆಂಡು, ಇನ್ನೊಮ್ಮೆ ಅದೇ 60 ಸೆಕೆಂಡಿನ ಮೇಲೆ ನೀರನ್ನು ನಿಧಾನವಾಗಿ 15 ಡಿಗ್ರಿಗೆ ಏರಿಸುತ್ತ ಮತ್ತೆ 30 ಸೆಕೆಂಡು ಇಡಿಸಿದರು. ಯಾವುದನ್ನು ಮತ್ತೆ ಮಾಡುತ್ತೀರಿ ಎಂದು ಕೇಳಿದಾಗ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು, ಕೊನೆ ಸ್ವಲ್ಪ ಹಿತವಾಗಿತ್ತೆಂಬ ಕಾರಣಕ್ಕೆ. ನೆನಪಿನಲ್ಲಿ ಉಳಿಯುವುದು ತೀವ್ರವಾದ ಒಂದು ಗಳಿಗೆ ಮತ್ತು ಕೊನೆ. ಆರು ಗಂಟೆಯ ಹತ್ತುವಿಕೆಯಲ್ಲಿ ಐದೂವರೆ ಗಂಟೆ ಬೇಸರವೇ ಆಗಿದ್ದರೂ ಊಟದ ಮೇಜಿಗೆ ಬರುವುದು ಕಾಲು ಜಾರಿದ ಗಳಿಗೆ ಮತ್ತು ಮರಳಿ ಬಂದು ಉಂಡ ಬಿಸಿ ಗಂಜಿ.

ಈ ಹಿಗ್ಗುವಿಕೆ ಮನುಷ್ಯರಿಗೆ ಮಾತ್ರ ಸೀಮಿತವೂ ಅಲ್ಲ. ಲಡಾಖಿನ ಖಾರ್ದುಂಗ್ ಲಾ ಕಣಿವೆದಾರಿಯಲ್ಲಿ 18,380 ಅಡಿ ಎಂದು ಬರೆದ ಫಲಕದೆದುರು ನಿಂತು ಫೋಟೊ ತೆಗೆಸಿಕೊಂಡವರು ಲೆಕ್ಕವಿಲ್ಲದಷ್ಟು. ಉಪಗ್ರಹ ಆಧಾರಿತ ಅಳತೆಯ ಪ್ರಕಾರ ಅದರ ಎತ್ತರ ಸುಮಾರು 5,359 ಮೀಟರ್, ಅಂದರೆ 17,580 ಅಡಿಗಳ ಆಸುಪಾಸು. ಫಲಕವೇ ಎಂಟುನೂರು ಅಡಿ ಏರಿಸಿ ಹೇಳಿದ ಮೇಲೆ ಬೈಕಿನಲ್ಲಿ ಹೋಗಿ ಬಂದ ಸಹೋದ್ಯೋಗಿ ಸ್ವಲ್ಪ ಏರಿಸಿದರೆ ಕ್ಷಮಿಸಬಹುದು.

ಒಂದು ಕಡೆ ಮಾತ್ರ ಕ್ಷಮೆಗೆ ಜಾಗವಿಲ್ಲ. ಊಟದ ಮೇಜಿನ ಪ್ರವಾಸಕಥೆ ಕೇಳುವವರ ಮುಂದಿನ ಪ್ರವಾಸಕ್ಕೆ ಮಾರ್ಗಸೂಚಿಯೂ ಆಗುತ್ತದೆ. ಟ್ರಾವೆಲ್ಸಿನವರ ಮಾತಿಗಿಂತ ಜೊತೆಯಲ್ಲಿ ಉಣ್ಣುವವರ ಮಾತನ್ನು ಜನ ಹೆಚ್ಚು ನಂಬುತ್ತಾರೆ. ಕಡಲತೀರದ ನಾವು ಹುಟ್ಟಿದಂದಿನಿಂದ ಸಮುದ್ರಮಟ್ಟದಲ್ಲಿ ಉಸಿರಾಡಿದವರು. ಸುಮಾರು 2,500 ಮೀಟರಿಗಿಂತ ಮೇಲೆ ಬೇಗನೆ ಏರಿದ ಯಾರಿಗಾದರೂ ತಲೆನೋವು, ವಾಕರಿಕೆ, ನಿದ್ರೆಗೇಡು ಕಾಣಿಸಿಕೊಳ್ಳಬಹುದು. ವಯಸ್ಸು ಸಣ್ಣದು, ಮೈಕಟ್ಟು ಗಟ್ಟಿ ಎಂಬುದು ರಕ್ಷಣೆಯಲ್ಲ. ವಿಮಾನದಲ್ಲಿ ನೇರವಾಗಿ ಲೇಹ್‌ನಲ್ಲಿ ಇಳಿದವರು ಮೊದಲ ಒಂದೆರಡು ದಿನ ಮೈಗೆ ಶ್ರಮ ಕೊಡದೆ ಇರುವುದು, 3,000 ಮೀಟರಿನ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸದಿರುವುದು, ಲಕ್ಷಣಗಳು ಬಿಗಡಾಯಿಸಿದರೆ ಕೂಡಲೇ ಕೆಳಗಿಳಿಯುವುದು ವೈದ್ಯರು ಒಪ್ಪಿದ ಕ್ರಮ. ತಮಗೆ ಏನೂ ಆಗಲಿಲ್ಲವೆಂಬ ಕಾರಣಕ್ಕೆ "ಅದೆಲ್ಲ ಸುಮ್ಮನೆ ಹೆದರಿಸುವುದು, ನಾವು ಇಳಿದ ದಿನವೇ ಖಾರ್ದುಂಗ್ ಲಾಕ್ಕೆ ಹೋದೆವು" ಎಂದು ಹೇಳಿದರೆ ಕಥೆಗೆ ವೀರರಸ ಬರಬಹುದು, ಕೇಳಿದವರ ತಂದೆತಾಯಿಗೆ ಅದು ಆಸ್ಪತ್ರೆಯ ದಾರಿಯಾಗಬಹುದು. ಹೆದರಿಕೆಯನ್ನು, ಕತ್ತಲೆಯನ್ನು, ಇಂಬಳದ ಗಾತ್ರವನ್ನು ಎಷ್ಟು ಬೇಕಾದರೂ ಹಿಗ್ಗಿಸಿ. ಎತ್ತರ, ದಿನ, ಔಷಧ, ಮಳೆಗಾಲದ ಹೊಳೆಯ ಸೆಳೆತ ಇವನ್ನು ಇದ್ದ ಹಾಗೆಯೇ ಹೇಳಬೇಕು.

ಕಾಸರಗೋಡಿನ ಮೇಜಿಗೆ ಇನ್ನೊಂದು ವಿಶೇಷವಿದೆ. ಎಂಟು ಜನ ಉಣ್ಣಲು ಕುಳಿತರೆ ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಹವ್ಯಕ, ಮರಾಠಿ ಮಾತಾಡುವವರು ಅವರಲ್ಲಿ ಹಂಚಿಕೊಂಡಿರುತ್ತಾರೆ. ಅವರಲ್ಲಿ ಒಬ್ಬಿಬ್ಬರು ತೆಂಕಣ ಜಿಲ್ಲೆಗಳಿಂದ ವರ್ಗವಾಗಿ ಬಂದು, ಶುಕ್ರವಾರ ಸಂಜೆ ರೈಲು ಹತ್ತಿ ಸೋಮವಾರ ಬೆಳಗ್ಗೆ ಮರಳುವವರು. ಇಲ್ಲಿ ಕಥೆಯ ನಡೆಯೆಲ್ಲ ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಸಾಗಿ, ಪಾತ್ರಗಳ ಮಾತು ಮಾತ್ರ ಅವರವರ ಭಾಷೆಯಲ್ಲಿ ಬರುವುದು ರೂಢಿ: ಟಿಕೆಟು ಪರೀಕ್ಷಕರು ಮಲಯಾಳದಲ್ಲಿ ಗದರುತ್ತಾರೆ, ಅಜ್ಜಿ ತುಳುವಿನಲ್ಲಿ ಉತ್ತರ ಕೊಡುತ್ತಾಳೆ, ಇಬ್ಬರ ನಡುವೆ ಸಿಕ್ಕಿಬಿದ್ದವರ ಸಂಕಟ ಕನ್ನಡದಲ್ಲಿರುತ್ತದೆ. ಹೊರಗಿನವರಿಗೆ ಗೊಂದಲವೆನಿಸುವ ಈ ಹೆಣಿಗೆಯಿಂದ ಯಾರು ಮಾತಾಡುತ್ತಿದ್ದಾರೆಂದು ಪ್ರತ್ಯೇಕವಾಗಿ ಹೇಳುವ ಕೆಲಸ ತಪ್ಪುತ್ತದೆ. ವಾರಾಂತ್ಯದ ರೈಲಿನವರ ಬಳಿ ಹಿಮಾಲಯದ ಕಥೆಗಳಿಲ್ಲದಿರಬಹುದು. ಐನೂರಕ್ಕೂ ಹೆಚ್ಚು ಕಿಲೋಮೀಟರು ದೂರದ ಮನೆಗೆ ಕಾಯ್ದಿರಿಸದ ಬೋಗಿಯಲ್ಲಿ ಒಂಟಿಕಾಲಲ್ಲಿ ನಿಂತು ಹೋಗುವವರು ತಿಂಗಳಿಗೆ ನಾಲ್ಕು ಸಾಹಸಕಥೆಗಳನ್ನು ಸಲೀಸಾಗಿ ಒದಗಿಸುತ್ತಾರೆ.

ಖರ್ಚಿನ ಮಾತು ಸೂಕ್ಷ್ಮವಾದದ್ದು. ಒಂದೇ ಮೇಜಿನಲ್ಲಿ ಖಾಯಂ ನೌಕರರೂ ದಿನಗೂಲಿಯವರೂ ಇರುವಾಗ, ಕೇಳದೆಯೇ ಪ್ಯಾಕೇಜಿನ ದರ ಹೇಳುವುದು ಕಥೆಗೆ ಏನನ್ನೂ ಕೂಡಿಸುವುದಿಲ್ಲ; ಕೇಳಿದವರಿಗೆ ಆಮೇಲೆ ಬೇರೆಯಾಗಿ ಹೇಳಬಹುದು. ಮೊಬೈಲಿನ ಫೋಟೊಗಳ ಬಗೆಗೂ ಒಂದು ಮಾತು ಸಾಕು: ಕಥೆಯ ನಡುವೆ ಫೋನು ಕೈಯಿಂದ ಕೈಗೆ ಹೋಗತೊಡಗಿದರೆ ನೋಡುವವರು ಒಬ್ಬರು, ಕಾಯುವವರು ಉಳಿದವರೆಲ್ಲ, ಕೇಳುವವರು ಯಾರೂ ಇಲ್ಲ.

ವಿರಾಮದ ಗಂಟೆ ಕಥೆ ಮುಗಿಯುವವರೆಗೆ ಕಾಯುವುದಿಲ್ಲ. ಶುಕ್ರವಾರವಾದರೆ ಜುಮಾ ನಮಾಜಿನ ಸಲುವಾಗಿ ಕೇರಳದ ಶಾಲೆಗಳಲ್ಲಿ ಮಧ್ಯಾಹ್ನದ ವಿರಾಮ ದೀರ್ಘವಾಗಿರುವುದರಿಂದ ಉದ್ದದ ಕಥೆಗಳನ್ನು ಅನುಭವಿಗಳು ಆ ದಿನಕ್ಕೆ ಇಟ್ಟುಕೊಳ್ಳುತ್ತಾರೆ. ಉಳಿದ ದಿನಗಳಲ್ಲಿ ತೊಡಕಿನಲ್ಲಿಯೇ ಗಂಟೆ ಬಾರಿಸಿ, ಉಳಿದದ್ದು ನಾಳೆಗೆ ಹೋಗುತ್ತದೆ. ಮರುದಿನ ಮೇಜಿಗೆ ಹೊಸದಾಗಿ ಒಬ್ಬರು ಬಂದು ಕುಳಿತಿದ್ದರೆ ಅವರಿಗೆ ನಿನ್ನೆಯ ಭಾಗವನ್ನು ತಿಳಿಸಬೇಕು. ಯಾರಿಗೆ ಏನಾಯಿತೋ ಅವರಿಗೇ ಅದನ್ನು ಹೇಳುವ ಹಕ್ಕು ಎಂದು ಸ್ಯಾಕ್ಸ್ ಗುರುತಿಸಿದ್ದರು; ಆದರೆ ನಮ್ಮ ಮೇಜುಗಳಲ್ಲಿ ಆ ಕೆಲಸವನ್ನು ಸಾಮಾನ್ಯವಾಗಿ ಕಥೆಯ ಒಡೆಯರು ಮಾಡುವುದಿಲ್ಲ, ಅವರ ಬಾಯಲ್ಲಿ ತುತ್ತು ಇರುತ್ತದೆ. ನಿನ್ನೆ ಕೇಳಿದವರಲ್ಲಿ ಒಬ್ಬರು, "ಇವರ ಭಾವ ರಾಣಿಪುರದಲ್ಲಿ ಬೂಟು ಬಿಚ್ಚಿದರಂತೆ ಟೀಚರೇ" ಎಂದು ತೊಡಗಿ, ಹೊಸದುರ್ಗದ ಚಾವನ್ನೂ ಪಾಣತ್ತೂರಿನ ರಸ್ತೆಯನ್ನೂ ಬಿಟ್ಟು, ಎರಡೇ ವಾಕ್ಯಗಳಲ್ಲಿ ಅವರನ್ನು ತೊಡಕಿನವರೆಗೆ ತಂದು ನಿಲ್ಲಿಸುತ್ತಾರೆ. ಒಡೆಯರು ತುತ್ತು ನುಂಗಿ, ಇಂಬಳಗಳ ಸಂಖ್ಯೆಯನ್ನು ಮಾತ್ರ ತಿದ್ದಿ, ಅಲ್ಲಿಂದ ಮುಂದುವರಿಸುತ್ತಾರೆ.